ನಾಲ್ಕು ಎಂದವರ ಸುಳ್ಳು

ಜ್ಯೂರಿಕ್‌ನ ವಿದ್ಯಾರ್ಥಿಗಳ ಕೈಗೆ ದಾಳ ಕೊಟ್ಟು, ಮರೆಯಲ್ಲಿ ಉರುಳಿಸಿ, ಎಷ್ಟು ಬಿತ್ತೆಂದು ತಿಳಿಸಿ ಎಂದರು. ಒಂದು ಬಿದ್ದರೆ ಒಂದು ಫ್ರಾಂಕ್, ಐದು ಬಿದ್ದರೆ ಐದು ಫ್ರಾಂಕ್. ಆರು ಬಿದ್ದವರಿಗೆ ಮಾತ್ರ ಏನೂ ಇಲ್ಲ. ಯಾರೂ ಪರೀಕ್ಷಿಸುವುದಿಲ್ಲ. ಉರ್ಸ್ ಫಿಶ್‌ಬಾಕರ್ ಮತ್ತು ಫ್ರಾನ್ಸಿಸ್ಕಾ ಫಾಲ್ಮಿ-ಹ್ಯೂಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಎಲ್ಲರೂ ನಿಜ ಹೇಳಿದ್ದರೆ ಪ್ರತಿ ಸಂಖ್ಯೆಗೂ ಶೇ. 17ರಷ್ಟು ಜನ ಇರಬೇಕಿತ್ತು. ಐದು ಎಂದವರು ಶೇ. 35. ಆರು ಎಂದವರು ಶೇ. 6ರ ಆಸುಪಾಸು.

ನಾಲ್ಕು ಎಂದವರು ಶೇ. 27. ಯೋಚಿಸಬೇಕಾದದ್ದು ಇವರ ಬಗ್ಗೆ. ಇವರಲ್ಲೂ ಹಲವರು ಸುಳ್ಳು ಹೇಳಿದ್ದಾರೆ. ಹೇಳುವುದೇ ಆದಮೇಲೆ ಐದು ಎನ್ನಬಹುದಿತ್ತಲ್ಲ? ಸಿಕ್ಕಿಬೀಳುವ ಭಯವಂತೂ ಇರಲಿಲ್ಲ. ಲಾಭವೂ ಬೇಕು, ತಾನು ಒಳ್ಳೆಯವನೆಂಬ ನಂಬಿಕೆಯೂ ಉಳಿಯಬೇಕು. ನಮ್ಮ ದಿನನಿತ್ಯದ ಸುಳ್ಳುಗಳಲ್ಲಿ ಬಹುಪಾಲು ಈ ಎರಡು ಆಸೆಗಳ ಚೌಕಾಸಿಯಲ್ಲೇ ಹುಟ್ಟುತ್ತವೆ ಎಂದು ನನಗನ್ನಿಸುತ್ತದೆ.

ಚೌಕಾಸಿ ಒಂದೇ ದರಕ್ಕೆ ನಿಲ್ಲುವುದಿಲ್ಲ ಎನ್ನುವುದೇ ಆತಂಕದ ವಿಷಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ತಾಲಿ ಶಾರೊಟ್ ಅವರ ತಂಡ, ಗಾಜಿನ ಜಾಡಿಯಲ್ಲಿ ಎಷ್ಟು ಚಿಲ್ಲರೆ ಇದೆಯೆಂದು ಜೊತೆಗಾರನಿಗೆ ಸಲಹೆ ಕೊಡುವ ಕೆಲಸವನ್ನು ಜನರಿಗೆ ಒಪ್ಪಿಸಿತು. ಕೆಲವು ಸುತ್ತುಗಳಲ್ಲಿ ಹೆಚ್ಚು ಹೇಳಿದರೆ ಸಲಹೆಗಾರನಿಗೆ ಲಾಭ, ಜೊತೆಗಾರನಿಗೆ ನಷ್ಟ. ಅಲ್ಲಿ ಸುಳ್ಳು ಸಣ್ಣದಾಗಿ ಶುರುವಾಗಿ ಸುತ್ತಿನಿಂದ ಸುತ್ತಿಗೆ ಬೆಳೆಯಿತು. ಮಿದುಳಿನ ಸ್ಕ್ಯಾನ್‌ನಲ್ಲಿ, ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಾಲ ಎಂಬ ಭಾಗ ಮೊದಮೊದಲ ಸುಳ್ಳುಗಳಿಗೆ ಮಿಡಿದು, ಬರಬರುತ್ತಾ ಸುಮ್ಮನಾಯಿತು. ಈ ಸ್ಪಂದನೆ ಎಷ್ಟು ಕುಗ್ಗಿತೋ, ಮುಂದಿನ ಸುಳ್ಳು ಅಷ್ಟು ಹಿಗ್ಗಿತು. ತನಗೆ ನಷ್ಟವಾಗಿ ಇನ್ನೊಬ್ಬರಿಗಷ್ಟೇ ಲಾಭವಾಗುವ ಸುತ್ತುಗಳಲ್ಲೂ ಜನ ಸುಳ್ಳು ಹೇಳಿದರು. ಆ ಸುಳ್ಳು ಮಾತ್ರ ಹೀಗೆ ಬೆಳೆಯಲಿಲ್ಲ. 2016ರಲ್ಲಿ ಈ ಅಧ್ಯಯನ 'ನೇಚರ್ ನ್ಯೂರೋಸೈನ್ಸ್' ಪತ್ರಿಕೆಯಲ್ಲಿ ಬಂತು.

ಮನಸ್ಸಾಕ್ಷಿ ಹೀಗೆ ಒಳಗಿನಿಂದ ಮಂಕಾಗುವುದು ಒಂದು ಬಗೆ. ಸುತ್ತಲಿನವರನ್ನು ನೋಡಿ ಮಂಕಾಗುವುದು ಇನ್ನೊಂದು. ಅದೇ ವರ್ಷ ಸೈಮನ್ ಗೆಖ್ಟರ್ ಮತ್ತು ಜೊನಾಥನ್ ಶುಲ್ಜ್ ದಾಳದ ಪ್ರಯೋಗವನ್ನು 23 ದೇಶಗಳ ಯುವಜನರ ಮೇಲೆ ನಡೆಸಿದ ಫಲಿತಾಂಶ ಪ್ರಕಟಿಸಿದರು. ಭ್ರಷ್ಟಾಚಾರ, ತೆರಿಗೆಗಳ್ಳತನ, ರಾಜಕೀಯ ವಂಚನೆ ಹೆಚ್ಚಿರುವ ದೇಶಗಳ ಯುವಜನ ದಾಳದ ಲೆಕ್ಕದಲ್ಲೂ ಹೆಚ್ಚು ಜಾರಿದರು. ಹಾಗೆಂದು ಪೂರ್ತಿ ಸುಳ್ಳು ಹೇಳಿದವರು ಅಲ್ಲೂ ಕಡಿಮೆಯೇ. ಸತ್ಯವನ್ನು ತುಸು ಬಗ್ಗಿಸಿಕೊಂಡವರೇ ಹೆಚ್ಚು. ದೇಶಗಳನ್ನು ಅಳೆಯಲು ಬಳಸಿದ ಅಂಕಿಅಂಶ 2003ರದು. ಆಗ ಈ ಯುವಜನರು ಇನ್ನೂ ಮಕ್ಕಳು. ಆ ಲಂಚದಲ್ಲಾಗಲಿ ಆ ವಂಚನೆಯಲ್ಲಾಗಲಿ ಅವರ ಪಾತ್ರವೇನೂ ಇರಲಿಲ್ಲ.