ಮಸ್ಕಿಂಗಮ್ ತೀರದ ಹಬೆನೌಕೆ

ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ, ಮಸ್ಕಿಂಗಮ್ ನದಿಯು ಓಹಾಯೋ ಮಹಾನದಿಯನ್ನು ಕೂಡುವೆಡೆಯಲ್ಲಿ, ಸ್ವಾತಂತ್ರ್ಯಸಮರದ ಯೋಧರು 1788ರಲ್ಲಿ ನೆಲೆಗೊಳಿಸಿದ ಮೇರಿಯೆಟ್ಟಾ ಎಂಬ ಪಟ್ಟಣವಿದೆ. ಅಲ್ಲಿಯ ನದೀ ವಸ್ತುಸಂಗ್ರಹಾಲಯದ ಒಡವೆಗಳಲ್ಲಿ ಅಗ್ರಗಣ್ಯವಾದುದು ‘ಡಬ್ಲ್ಯು. ಪಿ. ಸ್ನೈಡರ್ ಜೂನಿಯರ್’ ಎಂಬ ಹಬೆನೌಕೆ. ಗೀತವಾದ್ಯಗಳಿಂದಲೂ ದೀಪಾಲಂಕಾರದಿಂದಲೂ ಮೆರೆದ ಪ್ರಯಾಣಿಕ ನೌಕೆಗಳ ವೈಭವ ಇದಕ್ಕಿರಲಿಲ್ಲ. ಕಲ್ಲಿದ್ದಲು ತುಂಬಿದ ಬಾರ್ಜುಗಳನ್ನು ಮುಂದಕ್ಕೆ ನೂಕುತ್ತ, ಉಕ್ಕಿನ ಕಾರ್ಖಾನೆಗಳ ತೀರದ ಹಸಿವನ್ನು ತಣಿಸಿದ ದುಡಿಮೆಯೇ ಇದರ ಚರಿತ್ರೆ. ಅಂಥ ದುಡಿಮೆಗೂ ಸ್ಮಾರಕ ಸಲ್ಲಬೇಕೆಂದು ನಾನು ದೃಢವಾಗಿ ನಂಬಿರುವುದರಿಂದಲೇ ಈ ನೌಕೆಯ ಮೇಲೆ ನನಗೆ ವಿಶೇಷ ಗೌರವ.

ಪಿಟ್ಸ್‌ಬರ್ಗಿನ ಜೇಮ್ಸ್ ರೀಸ್ ಮತ್ತು ಪುತ್ರರು 1918ರಲ್ಲಿ ಕಾರ್ನೆಗೀ ಉಕ್ಕಿನ ಕಂಪನಿಗಾಗಿ ಇದನ್ನು ಕಟ್ಟಿದಾಗ ಇಟ್ಟ ಹೆಸರು ‘ಡಬ್ಲ್ಯು. ಎಚ್. ಕ್ಲಿಂಗರ್‌ಮನ್’, 1945ರಲ್ಲಿ ಕ್ರೂಸಿಬಲ್ ಉಕ್ಕಿನ ಕಂಪನಿಯ ವಶವಾದಾಗ ಈಗಿನ ನಾಮಧೇಯ ಬಂದಿತು.

ಇದರ ರಚನೆಯನ್ನು ನಿಧಾನವಾಗಿ ನೋಡಬೇಕು. ಆಳವಿಲ್ಲದ ನದಿಯಲ್ಲಿಯೂ ತಳ ತಾಗದಂತೆ ಚಪ್ಪಟೆಯಾಗಿ ಹರಡಿದ ಉಕ್ಕಿನ ಒಡಲು. ಅದರ ಮುಂಭಾಗದಲ್ಲಿ ಕಲ್ಲಿದ್ದಲುರಿಸುವ ಬಾಯ್ಲರುಗಳು. ಅಲ್ಲಿ ಹುಟ್ಟಿದ ಹಬೆಯು ಕೊಳವೆಯಲ್ಲಿ ಹಿಂದಕ್ಕೆ ಹರಿದು, ಎರಡು ಪಕ್ಕದ ಯಂತ್ರಗಳ ಕೊಂತಗಳನ್ನು ಚಲಾಯಿಸಿ, ಅವು ನೀಳವಾದ ತೋಳುಗಳ ಮೂಲಕ ಹಿಂಬದಿಯ ಮಹಾಚಕ್ರವನ್ನು ತಿರುಗಿಸಲು, ಅದರ ಹಲಗೆಗಳು ಒಂದರ ಹಿಂದೊಂದು ನೀರಿಗಿಳಿದು ನೌಕೆಯನ್ನೂ ಅದರ ಮುಂದಿನ ಅಷ್ಟೂ ಭಾರವನ್ನೂ ಮುನ್ನಡೆಸುತ್ತಿದ್ದವು. ಎಲ್ಲಕ್ಕೂ ಮೇಲೆ, ನಾಲ್ಕು ದಿಕ್ಕಿಗೂ ಗಾಜಿರುವ ಕೋಣೆಯಲ್ಲಿ ಚುಕ್ಕಾಣಿಗ. ಕೆಳಗೆ, ನದಿಯ ಗತಿಯನ್ನು ತಾನು ಕಾಣದೆ, ಅವನ ಸಂಜ್ಞೆಯೊಂದನ್ನೇ ನಂಬಿ ಹಬೆಯನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದ ಯಂತ್ರಪಾಲಕ. ಇವರಿಬ್ಬರ ಪರಸ್ಪರ ವಿಶ್ವಾಸವಿಲ್ಲದೆ, ನೌಕೆ ದುಡಿಯುತ್ತಿದ್ದ ಮೊನಾಂಗಹೀಲಾ ನದಿಯ ತಿರುವುಗಳನ್ನು ದಾಟುವುದು ಅಸಾಧ್ಯವಾಗಿದ್ದಿತು.

ಡೀಸೆಲ್ ನೌಕೆಗಳು ಬಂದ ಮೇಲೆ ಹಬೆಯ ಕಾಲ ಮುಗಿಯಿತು. 1953ರಲ್ಲಿ ಕೆಲಸ ನಿಲ್ಲಿಸಿದ ಸ್ನೈಡರನ್ನು ಅದರ ಒಡೆಯರು 1955ರಲ್ಲಿ ಓಹಾಯೋ ಇತಿಹಾಸ ಸಂಘಕ್ಕೆ ಒಪ್ಪಿಸಿದರು. ನದಿಗಳ ಚರಿತ್ರಕಾರನೂ ಆಗಿದ್ದ ಕ್ಯಾಪ್ಟನ್ ಫ್ರೆಡ್ರಿಕ್ ವೇ ಅದನ್ನು ಅದರದೇ ಹಬೆಯ ಬಲದಿಂದ ಮೇರಿಯೆಟ್ಟಾಕ್ಕೆ ನಡೆಸಿ ತಂದರು. ಅದರ ಜಾತಿಯ ನೌಕೆಗಳ ಪೈಕಿ ಅಮೆರಿಕದ ನದಿಗಳಲ್ಲಿ ಅವಿಕಲವಾಗಿ ಉಳಿದ ಏಕೈಕ ಪ್ರತಿನಿಧಿ ಇದಾದುದರಿಂದ, 1989ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಮನ್ನಣೆಯೂ ಲಭಿಸಿತು.

ಆದರೆ ನೀರಿನಲ್ಲಿಯೇ ಇರಿಸಿ ಕಾಪಾಡಬೇಕಾದ ಸ್ಮಾರಕಕ್ಕೆ ಮನ್ನಣೆಯೊಂದೇ ಸಾಲದು. ಉಕ್ಕನ್ನು ತುಕ್ಕು ತಿನ್ನುತ್ತಲೇ ಇರುತ್ತದೆ. ಅದಕ್ಕಾಗಿಯೇ 2009ರಲ್ಲಿ ಈ ನೌಕೆಯನ್ನು ಓಹಾಯೋ ನದಿಯ ದಾರಿಯಾಗಿ ಸೌತ್ ಪಾಯಿಂಟಿನ ನೌಕಾಂಗಣಕ್ಕೆ ಒಯ್ದು, ಒಡಲಿನ ಜೀರ್ಣೋದ್ಧಾರಕ್ಕೆ ಕೈಹಾಕಿದರು.