ಬೆಳ್ಳಿ ಜೇಡಿಯ ಆಭರಣ: ತೂಕದ ಬೆಲೆಯೋ, ಕೆಲಸದ ಬೆಲೆಯೋ?

ಆಭರಣ ತಯಾರಿಕೆಯು ನಮ್ಮಲ್ಲಿ ವಂಶಪಾರಂಪರ್ಯವಾಗಿ ನಡೆದುಬಂದ ಕಸುಬು. ಊದುಕೊಳವೆ, ಬಿಳಿಗಾರ, ಇಕ್ಕಳ, ಅರಗಳ ಬಳಕೆಯನ್ನು ಹಿರಿಯರ ಪಕ್ಕದಲ್ಲಿ ಕುಳಿತು ಕಲಿತವರಷ್ಟೇ ಈ ವೃತ್ತಿಗೆ ಅರ್ಹರೆಂಬ ಭಾವನೆ ಬಹುಕಾಲ ಇತ್ತು. ಸಿಲ್ವರ್ ಕ್ಲೇ, ಅರ್ಥಾತ್ ಬೆಳ್ಳಿ ಜೇಡಿ ಎಂಬ ಕಚ್ಚಾ ವಸ್ತು ಈ ಸ್ಥಿತಿಯನ್ನು ಸ್ವಲ್ಪಮಟ್ಟಿಗೆ ಬದಲಿಸಿದೆ. ಕೆಲವು ದಿನಗಳ ತರಬೇತಿ ಪಡೆದವರೂ ಮನೆಯ ಒಂದು ಮೂಲೆಯಲ್ಲಿ ಪದಕ, ಓಲೆಗಳನ್ನು ತಯಾರಿಸಬಲ್ಲರು. ಆದರೆ ತಯಾರಿಸಬಲ್ಲವರೆಲ್ಲರೂ ಲಾಭ ಗಳಿಸಬಲ್ಲರೇ? ಉಳಿತಾಯದ ಹಣ ತೊಡಗಿಸಿ, ಇದ್ದ ಉದ್ಯೋಗವನ್ನು ಬಿಟ್ಟು ಈ ಕ್ಷೇತ್ರಕ್ಕೆ ಕಾಲಿಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ವಸ್ತುವಿನ ಸ್ವರೂಪ

ಲೋಹದ ಜೇಡಿಯು 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಮಿತ್ಸುಬಿಷಿ ಮೆಟೀರಿಯಲ್ಸ್ ಹಾಗೂ ಐದಾ ಕೆಮಿಕಲ್ ಇಂಡಸ್ಟ್ರೀಸ್ ಇದರ ಅಭಿವೃದ್ಧಿಯಲ್ಲಿ ಪ್ರಮುಖ ಪಾತ್ರ ವಹಿಸಿದವು. ಇದು ನೆಲದಿಂದ ತೆಗೆದ ಮಣ್ಣಲ್ಲ. ಅತಿ ನುಣುಪಾದ ಚೊಕ್ಕ ಬೆಳ್ಳಿಯ ಪುಡಿಗೆ ಸಾವಯವ ಅಂಟು ಮತ್ತು ನೀರನ್ನು ಬೆರೆಸಿದ ಕಣಕ. ತೂಕದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿಯೇ ಇರುತ್ತದೆ. ಇದನ್ನು ಲಟ್ಟಿಸಿ, ಎಲೆ ಅಥವಾ ಅಚ್ಚಿನ ಗುರುತು ಒತ್ತಿ, ಕತ್ತರಿಸಿ, ಒಣಗಿಸಿ, ಉಜ್ಜಿ, ಬಳಿಕ ಕುಲುಮೆಯಲ್ಲಿ ಸುಡಲಾಗುತ್ತದೆ. ಅಂಟು ಉರಿದುಹೋಗಿ ಬೆಳ್ಳಿಯ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕಡಿಮೆ ಉಷ್ಣತೆಯಲ್ಲಿ ಸುಡುವ ಬಗೆಗಳಿಗೆ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಸಾಕು. ಚಿಕ್ಕ ವಸ್ತುಗಳನ್ನು ಗ್ಯಾಸ್ ಟಾರ್ಚಿನಿಂದಲೂ ಸುಡಬಹುದು.

ನಷ್ಟದ ದಾರಿಗಳು

ಕೆಲಸ ಸುಲಭವೆಂದು ತೋರಿದರೂ ಎಡವಲು ಅವಕಾಶಗಳು ಹಲವು. ತೇವ ಉಳಿದರೆ ಸುಡುವಾಗ ಆವಿಯು ವಸ್ತುವನ್ನು ಒಡೆಯುತ್ತದೆ. ಶಾಖ ಸಾಲದಿದ್ದರೆ ಆಭರಣವು ಮುರಿಯುತ್ತದೆ. ಬೆಳ್ಳಿಯ ಕರಗುವ ಬಿಂದುವಾದ ಸುಮಾರು 962 ಡಿಗ್ರಿಯನ್ನು ಮುಟ್ಟಿದರೆ ಆಕಾರವೇ ಉಳಿಯದು. ಸುಟ್ಟ ಮೇಲೆ ವಸ್ತುವು ಬಗೆಗನುಗುಣವಾಗಿ ಶೇ. 8ರಿಂದ 15ರಷ್ಟು ಕುಗ್ಗುವುದು ಸಾಮಾನ್ಯ. ಮೊದಲ ತಲೆಮಾರಿನ ಜೇಡಿಯು ಶೇ. 28ರಷ್ಟು ಕುಗ್ಗುತ್ತಿತ್ತು. ಈ ಲೆಕ್ಕ ತಪ್ಪಿದರೆ ಉಂಗುರವು ಗ್ರಾಹಕರ ಬೆರಳಿಗೆ ಹಿಡಿಸದು. ಮುತ್ತಿನಂತಹವನ್ನು ಕೂಡಿಸಬೇಕಿದ್ದರೆ ಸುಟ್ಟ ನಂತರವೇ ಕೂಡಿಸಬೇಕು. ಸುಡುವ ಮುನ್ನ ಉಳಿದ ಚೂರುಗಳನ್ನು ನೀರು ಹಾಕಿ ನಾದಿ ಮತ್ತೆ ಬಳಸಬಹುದು. ಆದರೆ ಸುಟ್ಟ ನಂತರ ಹಾಳಾದದ್ದು ಗುಜರಿ ಬೆಳ್ಳಿಯಷ್ಟೆ.

ವೆಚ್ಚದ ಲೆಕ್ಕ

ಬೆಳ್ಳಿ ಜೇಡಿಯ ಬೆಲೆಯು ಅದರಲ್ಲಿರುವ ಬೆಳ್ಳಿಯ ಪೇಟೆ ದರಕ್ಕಿಂತ ಬಹಳ ಹೆಚ್ಚು. ನಮ್ಮ ಗ್ರಾಹಕರಾದರೋ ಬೆಳ್ಳಿಯನ್ನು ತೂಕಕ್ಕೆ ಕೊಂಡು, ಮೇಲೆ ಮಜೂರಿ ಕೊಡುವ ರೂಢಿಯವರು. ಈ ಎರಡು ಸಂಗತಿಗಳ ನಡುವಿನ ಅಂತರವೇ ಹೊಸ ಉದ್ಯಮಿಯನ್ನು ಮುಳುಗಿಸುವುದು.

ವಿವರಣೆಗಾಗಿ ಊಹೆಯ ಅಂಕಿಗಳನ್ನು ತೆಗೆದುಕೊಳ್ಳೋಣ. 10 ಗ್ರಾಂ ಜೇಡಿಯ ಒಂದು ಪದಕ. ಜೇಡಿಗೆ 3,000 ರೂ., ವಿದ್ಯುತ್, ಉಜ್ಜುವ ಕಾಗದ ಇತ್ಯಾದಿಗೆ 300 ರೂ., ಮೂರು ಗಂಟೆಗಳ ದುಡಿಮೆಗೆ 600 ರೂ., ಕುಲುಮೆ ಮತ್ತು ಉಪಕರಣಗಳ ಸವಕಳಿಗೆ 150 ರೂ., ಒಟ್ಟು 4,050 ರೂ. ಹತ್ತರಲ್ಲಿ ಒಂದು ಪದಕ ಹಾಳಾಗುವುದೆಂದು ಭಾವಿಸಿದರೆ, ಹತ್ತಕ್ಕೆ ತಗಲುವ 40,500 ರೂ.ಗಳಲ್ಲಿ ಹಾಳಾದ ಪದಕದ ಬೆಳ್ಳಿಯಿಂದ ಬರುವ 1,800 ರೂ. ಕಳೆದು, ಉಳಿದ 38,700 ರೂ.ಗಳನ್ನು ಒಂಬತ್ತು ಪದಕಗಳೇ ಹೊರಬೇಕು. ಅಂದರೆ ಪ್ರತಿ ಪದಕದ ನಿಜವಾದ ವೆಚ್ಚ 4,300 ರೂ.

ಇದನ್ನೇ ತೂಕದ ಲೆಕ್ಕದಲ್ಲಿ ಮಾರಿದರೆ? 9 ಗ್ರಾಂ ಬೆಳ್ಳಿಗೆ ಗ್ರಾಂಗೆ 200 ರೂ.ಗಳಂತೆ 1,800 ರೂ., ಶೇ. 25ರ ಮಜೂರಿ 450 ರೂ., ಒಟ್ಟು 2,250 ರೂ. ಪ್ರತಿ ಪದಕಕ್ಕೂ 2,050 ರೂ. ನಷ್ಟ! ಮಳಿಗೆಯ ಬಾಡಿಗೆ, ಪೆಟ್ಟಿಗೆ, ಮಾರಾಟವಾಗದೆ ಉಳಿದ ದಾಸ್ತಾನಿನ ಬಡ್ಡಿ ಇನ್ನೂ ಇದರಲ್ಲಿ ಸೇರಿಲ್ಲ. ತನ್ನ ದುಡಿಮೆಗೆ ಕೂಲಿ ಬರೆದುಕೊಳ್ಳದ ತಯಾರಕನಿಗೆ ಈ ನಷ್ಟದ ಪೂರ್ಣ ಗಾತ್ರ ಕಾಣುವುದೇ ಇಲ್ಲ. ಮಾರಾಟ ಹೆಚ್ಚಿದಷ್ಟೂ ಬಂಡವಾಳ ಕರಗುತ್ತದೆ.

ಪರಿಹಾರವೇನು?

ಮೊದಲನೆಯದಾಗಿ, ಜೇಡಿಯ ಆಭರಣವನ್ನು ತೂಕಕ್ಕಲ್ಲ, ನಗಕ್ಕೆ ಬೆಲೆ ಕಟ್ಟಿ ಮಾರಬೇಕು. ತಕ್ಕಡಿ ಇರುವ ಅಂಗಡಿಗಿಂತ, ವಿನ್ಯಾಸವನ್ನು ಮೆಚ್ಚಿ ಕೊಳ್ಳುವವರು ಬರುವ ಕರಕುಶಲ ಮೇಳ, ಉಡುಗೊರೆ ಮಳಿಗೆಗಳೇ ಇದಕ್ಕೆ ಸೂಕ್ತ ಸ್ಥಳ. ಎರಡನೆಯದಾಗಿ, ಜೇಡಿಯೊಂದನ್ನೇ ನಂಬಬಾರದು. ಚೊಕ್ಕ ಬೆಳ್ಳಿ ಮೃದು. ತೆಳು ಉಂಗುರ, ಕೊಕ್ಕೆಗಳಿಗೆ 925 ಶುದ್ಧತೆಯ ತಂತಿ ಮತ್ತು ತಗಡುಗಳೇ ಗಟ್ಟಿ, ಅಗ್ಗವೂ ಹೌದು. ಕೆತ್ತನೆಯಂತಹ ಮೇಲ್ಮೈ ಬೇಕಾದಲ್ಲಿ ಮಾತ್ರ ಜೇಡಿ, ಉಳಿದೆಡೆ ತಗಡು ಎಂಬ ನಿಯಮ ಇಟ್ಟುಕೊಂಡರೆ ವೆಚ್ಚ ಗಣನೀಯವಾಗಿ ಇಳಿಯುತ್ತದೆ. ಆದ್ದರಿಂದ ಗರಗಸ ಮತ್ತು ಬೆಸುಗೆಯ ಹಳೆಯ ವಿದ್ಯೆಯನ್ನು ಕಲಿಯದೆ ಗತ್ಯಂತರವಿಲ್ಲ. ಮೂರನೆಯದಾಗಿ, ತೆರೆದ ಪೊಟ್ಟಣದ ಜೇಡಿ ಒಣಗುವುದರಿಂದ ಬೇಡಿಕೆ ನೋಡಿ ಖರೀದಿಸುವುದು ಕ್ಷೇಮ.

ತೆರಿಗೆ ಮತ್ತು ಮುದ್ರೆ

ಬೆಳ್ಳಿ ಆಭರಣಗಳ ಮೇಲಿನ ಜಿಎಸ್‌ಟಿ ಶೇ. 3. ಕರ್ನಾಟಕದಲ್ಲಿ ಸರಕು ಮಾರಾಟಗಾರರಿಗೆ ನೋಂದಣಿಯ ಸಾಮಾನ್ಯ ಮಿತಿ ವಾರ್ಷಿಕ 40 ಲಕ್ಷ ರೂ. ವಹಿವಾಟು, ಹೊರರಾಜ್ಯಕ್ಕೆ ಮಾರುವವರು ಈ ಮಿತಿಯನ್ನು ನೆಚ್ಚದೆ ಮೊದಲೇ ವಿಚಾರಿಸಿಕೊಳ್ಳಬೇಕು. ನೋಂದಣಿ ಇಲ್ಲದವರು ಜೇಡಿಯ ಖರೀದಿಯಲ್ಲಿ ತೆತ್ತ ತೆರಿಗೆಯನ್ನೂ ವೆಚ್ಚಕ್ಕೆ ಸೇರಿಸಬೇಕು. ಬೆಳ್ಳಿಗೆ ಹಾಲ್‌ಮಾರ್ಕ್ ವ್ಯವಸ್ಥೆ 2005ರಿಂದಲೂ ಇದ್ದು, 2025ರ ಸೆಪ್ಟೆಂಬರ್ 1ರಿಂದ ಪ್ರತ್ಯೇಕ ಗುರುತು ಸಂಖ್ಯೆಯ ಮುದ್ರೆಯನ್ನು ಐಚ್ಛಿಕವಾಗಿ ಜಾರಿಗೆ ತರಲಾಯಿತು. 999 ಜೇಡಿಯ ಪದಕಕ್ಕೆ 925ರ ಕೊಕ್ಕೆ ಬೆಸೆದಿದ್ದರೆ ಬಿಲ್ಲಿನಲ್ಲಿ ಎರಡನ್ನೂ ನಮೂದಿಸುವುದು ಪ್ರಾಮಾಣಿಕ ವ್ಯಾಪಾರದ ಲಕ್ಷಣ.

ಬೆಳ್ಳಿ ಜೇಡಿಯು ಕಸುಬಿನ ಬಾಗಿಲನ್ನು ಹೊಸಬರಿಗೆ ತೆರೆದಿದೆ ಎಂಬುದು ನಿಜ. ಒಳಗೆ ಬಂದವರು ಅಲ್ಲಿ ನೆಲೆ ನಿಲ್ಲಬೇಕಾದರೆ ಕುಲುಮೆಗೆ ಕೊಡುವಷ್ಟೇ ಗಮನವನ್ನು ಖಾತೆ ಪುಸ್ತಕಕ್ಕೂ ಕೊಡಬೇಕು. ಮೊದಲ ಹತ್ತು ಪದಕಗಳ ವೆಚ್ಚವನ್ನು ತಪ್ಪದೆ ಬರೆದಿಟ್ಟು, ಆ ಬಳಿಕವೇ ಇದ್ದ ಉದ್ಯೋಗವನ್ನು ಬಿಡುವ ಯೋಚನೆ ಮಾಡುವುದು ವಿವೇಕ.