ಅಂಟಾರ್ಕ್ಟಿಕದ ಜೇಡ ಯಾಕಮ್ಮ ಅಷ್ಟು ದೊಡ್ಡದು?

ಹಿತ್ತಲಿನ ಹೂಕುಂಡ ಎತ್ತಿದರೆ ಅಡಿಯಲ್ಲಿ ಬೂದುಬಣ್ಣದ ಹುಳವೊಂದು ಉಂಡೆಯಾಗಿ ಉರುಳುತ್ತದಲ್ಲ, ಅಮೆರಿಕದ ಮಕ್ಕಳು ರೋಲಿಪೋಲಿ ಅನ್ನುತ್ತಾರೆ, ಅದು ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ಉದ್ದ 2 ಸೆಂಟಿಮೀಟರ್ ಕೂಡ ಇಲ್ಲ. ಅದರ ದೂರದ ನೆಂಟ ಗ್ಲಿಪ್ಟೊನೋಟಸ್ ಅಂಟಾರ್ಕ್ಟಿಕದ ಕಡಲ ತಳದಲ್ಲಿದೆ. ಅದು ದೊಡ್ಡವರ ಅಂಗೈ ತುಂಬುವಷ್ಟು ಬೆಳೆಯುತ್ತದೆ. ಊಟದ ತಟ್ಟೆಯಗಲ ಕಾಲು ಚಾಚುವ ಕಡಲ ಜೇಡಗಳೂ ಅಲ್ಲಿವೆ. (ಹೆಸರಿಗಷ್ಟೇ ಜೇಡ. ಬಲೆಗಿಲೆ ನೇಯುವುದಿಲ್ಲ.) ಚಿತ್ರ ತೋರಿಸಿ ನೋಡಿ, ಮರುಕ್ಷಣ "ಯಾಕೆ?" ಬರುತ್ತದೆ.

ಸಂಶೋಧನೆಯೇ ನನ್ನ ಕೆಲಸವಾದರೂ ಇದಕ್ಕೆ ಒಂದೇ ಸಾಲಿನ ಉತ್ತರ ಕೊಡಲು ನನಗೆ ಮನಸ್ಸಾಗುವುದಿಲ್ಲ.

ಮಕ್ಕಳ ಊಹೆ ಸಾಮಾನ್ಯವಾಗಿ "ಚೆನ್ನಾಗಿ ತಿಂದು ಬೇಗ ಬೆಳೆದಿದೆ" ಅಂತ. ಊಟದ ಹೊತ್ತಲ್ಲಿ ನಾವೇ ಹೇಳಿಕೊಟ್ಟ ಪಾಠ ಅದು! ಅಲ್ಲಿನ ಸಂಗತಿ ಬೇರೆ. ನೀರು ಸುಮಾರು ಮೈನಸ್ 1.8 ಡಿಗ್ರಿ, ಉಪ್ಪಿರುವುದರಿಂದ ಹೆಪ್ಪುಗಟ್ಟಿಲ್ಲ, ಅಷ್ಟೆ. ಆ ಚಳಿಯಲ್ಲಿ ಬೆಳವಣಿಗೆ ತೀರಾ ನಿಧಾನ. ಮೈತುಂಬ ಮುಳ್ಳಿರುವ ಅಲ್ಲಿನ ಒಂದು ಸೀ ಅರ್ಚಿನ್ 40 ವರ್ಷ ಬದುಕಿದರೂ ಸುಮಾರು 7 ಸೆಂಟಿಮೀಟರ್ ಅಗಲಕ್ಕೆ ನಿಲ್ಲುತ್ತದೆ. ಅದರ ಮರಿ ನೀರಲ್ಲಿ ತೇಲುವುದನ್ನು ಬಿಟ್ಟು ತಳಕ್ಕಿಳಿಯಲು ಮೂರು ತಿಂಗಳಿಗೂ ಹೆಚ್ಚು ಬೇಕು. ಕನ್ನಡದಲ್ಲಿ "ದೊಡ್ಡವನಾದ" ಅಂದರೆ ಗಾತ್ರವೂ ಹೌದು, ವಯಸ್ಸೂ ಹೌದು. ಹಾಗಾಗಿ "ದೊಡ್ಡದು" ಬೇರೆ, "ಬೇಗ ಬೆಳೆದದ್ದು" ಬೇರೆ ಎಂದು ಬಿಡಿಸಿ ಹೇಳುವುದು ವಿಜ್ಞಾನಕ್ಕೂ ಆಯಿತು, ಕನ್ನಡಕ್ಕೂ ಆಯಿತು.

ಹಾಗಾದರೆ ದೊಡ್ಡದಾಗಿದ್ದು ಹೇಗೆ? ಕಾಫಿಗೆ ನೀರಿಟ್ಟಾಗ ಮಗುವನ್ನು ತುಸು ದೂರ ನಿಲ್ಲಿಸಿ ತೋರಿಸಿ: ಕುದಿಯುವ ಎಷ್ಟೋ ಮೊದಲೇ ಪಾತ್ರೆಯ ಗೋಡೆಗೆ ಸಣ್ಣ ಗುಳ್ಳೆಗಳು ಅಂಟುತ್ತವೆ. ಅದು ನೀರಲ್ಲಿ ಕರಗಿದ್ದ ಗಾಳಿ. ನೀರು ಬಿಸಿಯಾದಷ್ಟೂ ಗಾಳಿ ಹೊರಬೀಳುತ್ತದೆ, ತಣ್ಣಗಿದ್ದಷ್ಟೂ ಒಳಗೇ ಉಳಿಯುತ್ತದೆ. ಧ್ರುವದ ನೀರಲ್ಲಿ ಆಮ್ಲಜನಕ ಧಾರಾಳ. ("ಆಕ್ಸಿಜನ್" ಅಂದರೂ ನಡೆಯುತ್ತದೆ, ಮಾತು ನಿಲ್ಲಬಾರದು.) ಚಳಿಯಲ್ಲಿ ದೇಹಕ್ಕೆ ಬೇಕಾಗುವುದೋ ಕಡಿಮೆ. ಆದ್ದರಿಂದ ದಪ್ಪ ದೇಹದ ಒಳಭಾಗಕ್ಕೂ ಅದು ತಲುಪೀತು. 1999ರಲ್ಲಿ ಶಾಪೆಲ್ ಮತ್ತು ಪೆಕ್ ಎಂಬ ವಿಜ್ಞಾನಿಗಳು ಸೀಗಡಿಯನ್ನು ಹೋಲುವ ಆಂಫಿಪಾಡ್‌ಗಳನ್ನು ಬೇರೆ ಬೇರೆ ಕಡೆಯಿಂದ ಹೋಲಿಸಿ ಈ ವಾದ ಮುಂದಿಟ್ಟರು. ಸಿಹಿನೀರು ಉಪ್ಪುನೀರಿಗಿಂತ ಹೆಚ್ಚು ಆಮ್ಲಜನಕ ಹಿಡಿಯುತ್ತದೆ. ರಷ್ಯಾದ ಬೈಕಲ್ ಸರೋವರದ ಆಂಫಿಪಾಡ್‌ಗಳು ಅಷ್ಟೇ ತಂಪಿನ ಕಡಲಿನವಕ್ಕಿಂತ ದೊಡ್ಡವು. ನನಗೆ ಇದು ಬಹಳ ಇಷ್ಟವಾದ ಸಾಕ್ಷ್ಯ.

ವಾದ ಸರಿಯಿದ್ದರೆ ನೀರು ಬೆಚ್ಚಗಾದಾಗ ದೊಡ್ಡವೇ ಮೊದಲು ಸುಸ್ತಾಗಬೇಕು. ಹವಾಯಿ ವಿಶ್ವವಿದ್ಯಾಲಯದ ತಂಡ ಕಡಲ ಜೇಡಗಳನ್ನು ಅಂಗಾತ ಮಲಗಿಸಿ, ಒಂದು ಗಂಟೆಯಲ್ಲಿ ಎಷ್ಟು ಸಲ ಮಗುಚಿಕೊಳ್ಳುತ್ತವೆ ಎಂದು ಎಣಿಸಿತು. ನೀರನ್ನು 9 ಡಿಗ್ರಿವರೆಗೂ ಬಿಸಿ ಮಾಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ದೊಡ್ಡವು ಸಣ್ಣವಕ್ಕಿಂತ ಬೇಗ ಸೋತಿರಲಿಲ್ಲ! ಕಡಲ ಜೇಡಕ್ಕೆ ಕಿವಿರೂ ಇಲ್ಲ, ಶ್ವಾಸಕೋಶವೂ ಇಲ್ಲ. ಕಾಲಿನ ಚರ್ಮದಿಂದಲೇ ಉಸಿರಾಟ. ದೊಡ್ಡವುಗಳ ಚರ್ಮದಲ್ಲಿ ರಂಧ್ರಗಳು ಹೆಚ್ಚು. ಮಕ್ಕಳಿಗೆ ಈ ಭಾಗವನ್ನೂ ಹೇಳಿ. ಒಂದು ಜೀವಿಗೆ ಒಪ್ಪಿದ ಉತ್ತರ ಇನ್ನೊಂದಕ್ಕೆ ಹಾಗೇ ಒಪ್ಪಲಿಲ್ಲ ಎಂಬ ಜಾಗದಲ್ಲೇ ಕಥೆ ರುಚಿಸುವುದು.

ಆದರೆ ಒಂದು ಗಂಟೆ ತಾಳಿಕೊಳ್ಳುವುದು ಬೇರೆ, ಅಲ್ಲೇ ಸಂಸಾರ ಹೂಡುವುದು ಬೇರೆ. ಬ್ರಿಟನ್ನಿನ ರೊಥೆರಾ ಕೇಂದ್ರದ ಬಳಿ ಕಡಲ ತಳದಲ್ಲಿ ಬಿಸಿಯಾಗುವ ಹಲಗೆಗಳನ್ನಿಟ್ಟು, ಅವುಗಳ ಮೇಲಿನ ನೀರನ್ನು ಬರೀ 1 ಡಿಗ್ರಿ ಹೆಚ್ಚಿಸಿದರು. ಹಲಗೆಗೆ ಹಕ್ಕಳೆಯಂತೆ ಹಬ್ಬುವ ಒಂದು ಬ್ರಯೋಜೋವನ್ ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಬೆಳೆಯಿತು. ಎರಡೇ ತಿಂಗಳಲ್ಲಿ ಹಲಗೆ ಬಹುಪಾಲು ಅದರದೇ ಆಗಿ, ಉಳಿದ ಜೀವಿಗಳಿಗೆ ಜಾಗ ಸಾಲದಾಯಿತು.